ಪೆನ್ಸಿಲ್ಲಿನ ಬಾತುಕೋಳಿ

ಊರಿನ ಹೆಸರು ನಿಲ್.
ಬರೆಯುವಾಗ ನಡುವೆ ಒಂದು ಮೂಕ ಅಕ್ಷರ ಸೇರಿಸುತ್ತಾರೆ,
ನನಗೆ ಕೇಳುವುದು ಹಳಗನ್ನಡದ ಆಜ್ಞೆ ಮಾತ್ರ.
ನಿಲ್ ಅಂದಿತು, ನಿಲ್ಲಿಸಿದೆ.
ಎರಡು ವಾರಕ್ಕೊಂದು ಗುರುವಾರ,
ಗೋಧಿ ತುಂಬಿದ ಸೈಲೋ ನೆರಳಿನಲ್ಲಿ
ಪುಸ್ತಕದ ವ್ಯಾನು.

ಮೆಟ್ಟಿಲು ಇಳಿಸುವ ಮೊದಲೇ ಅವನು ಹಾಜರು:
ಲೇರ್ ವಾ, ಎಂಟು ವರ್ಷ, ಮುಂದಿನ ಹಲ್ಲು ಅರ್ಧ ಬಂದಿದೆ,
ಕಂಕುಳಲ್ಲಿ ಬಾತುಕೋಳಿ.
ಪ್ರಾಣಿಗಳಿಗೆ ಪ್ರವೇಶವಿಲ್ಲ ಅಂತ ನಾನೇ ಅಂಟಿಸಿದ ಚೀಟಿ.
ಅದು ಓದಿಬಿಟ್ಟೀತೆಂದು
ಅಂಗೈಯಿಂದ ಅದರ ಕಣ್ಣು ಮುಚ್ಚುತ್ತಾನೆ.

ಹೆಸರು ಶಿಫ್ಟ್.
ಅಪ್ಪ ರಾತ್ರಿ ಶಿಫ್ಟ್ ಮುಗಿಸಿ
ಊಟದ ಡಬ್ಬಿಯಲ್ಲಿ ತಂದ ಮರಿ.
ಬರ್ಮಾ ಗಡಿಯ ಶಿಬಿರದಿಂದ ಬಂದವರ ಮನೆಯೊಳಗೆ
ಮೊದಲು ಕಾಲಿಟ್ಟ ಇಂಗ್ಲಿಷ್ ಮಾತೂ ಅದೇ.
ಕೆಲಸ ಕೊಡುವುದು ಬಾತುಕೋಳಿ ಕಾರ್ಖಾನೆ;
ಅಲ್ಲಿ ಏನು ಮಾಡುತ್ತಾರೆ, ಹುಡುಗ ಕೇಳುವುದಿಲ್ಲ.
ಅಪ್ಪ ಜತೆಗೆ ಬಂದ ದಿನ ಕಂಡೆ:
ತೋಳಿಗಂಟಿದ ಬಿಳಿ ಗರಿಯೊಂದನ್ನು
ಸದ್ದಿಲ್ಲದೆ ಕಿತ್ತು ಜೇಬಿಗಿಟ್ಟುಕೊಂಡ,
ಶಿಫ್ಟ್ ನೋಡುವ ಮೊದಲು.

"ಬಾತುಕೋಳಿ ಇರುವ ಸಾಹಸದ ಕಥೆ ಕೊಡಿ."
ಹುಡುಕಿದೆ. ನಾಯಿ ಇತ್ತು, ಬೇಕಾದಷ್ಟು ನಾಯಿ:
ಕಳ್ಳರ ಗುಹೆ ಮೂಸಿ ಹಿಡಿದದ್ದು,
ಹಿಮ ಅಗೆದು ಮಗುವನ್ನು ತೆಗೆದದ್ದು.
ಬೆಂಕಿ ದಾಟಿ ಬರುವ ಕುದುರೆ.
ದೀಪಸ್ತಂಭ ಕಾಯುವ ಬೆಕ್ಕು ಸಹ ಒಂದು.
ಬಾತುಕೋಳಿಗಳೆಲ್ಲ ಕೆಳಗಿನ ಖಾನೆಯಲ್ಲಿ,
ಎರಡು ವರ್ಷದವರ ದಪ್ಪ ರಟ್ಟಿನ ಮೇಲೆ
ಒಂದರಿಂದ ಹತ್ತರವರೆಗೆ ಎಣಿಸಿಕೊಳ್ಳುತ್ತ.

"ಇವು ಯಾರನ್ನೂ ಕಾಪಾಡೋದಿಲ್ವಾ?"
ಉತ್ತರ ತೋಚದೆ ಹಸಿರು ರಟ್ಟಿನ ಒಂದು ನಾಯಿಯನ್ನು
ಕೈಗಿತ್ತು ಕಳಿಸಿದೆ.

ನಾಲ್ಕು ವಾರದ ಮೇಲೆ ಬಂತು.
ರಾತ್ರಿ ಡಿಂಬೂಲಾದ ಮೋಟೆಲಿನಲ್ಲಿ ತೆರೆದರೆ
ಪುಟಪುಟಕ್ಕೂ ಪೆನ್ಸಿಲ್.
ಡಾಗ್ ಇದ್ದಲ್ಲೆಲ್ಲ ಮೊದಲ ಡ ಉಳಿಸಿ
ಮಿಕ್ಕದ್ದು ಹೊಡೆದುಹಾಕಿ, ಡಕ್.
ಬೊಗಳಿದ್ದೆಲ್ಲ ಕ್ವಾಕ್.
ಕಳ್ಳ ಈಗ ಗೋಡೆಯ ಮೇಲೆ ನಡುಗುತ್ತಿದ್ದಾನೆ,
ಕೆಳಗೆ ಬಾತುಕೋಳಿ ಹಲ್ಲು ಕಿರಿಯುತ್ತಿದೆ
(ಇಲ್ಲಿ ಯೋಚಿಸಿದ್ದಾನೆ: ಹಲ್ಲಿಗೆ ಗೀಟು, ಮೇಲೆ ಕೊಕ್ಕು).
ಬಾಲ ಅಲ್ಲಾಡಿಸುವುದನ್ನು ಹಾಗೇ ಬಿಟ್ಟಿದ್ದಾನೆ,
ಅದು ಶಿಫ್ಟಿಗೂ ಬರುತ್ತದೆ.
ಹೊಳೆ ಉಕ್ಕಿ ಹುಡುಗಿ ಕೊಚ್ಚಿಹೋಗುವ ಅಧ್ಯಾಯವಂತೂ
ಮುದ್ರಿಸಿದ್ದಕ್ಕಿಂತ ನಂಬುವ ಹಾಗಿದೆ.
ಬಾತುಕೋಳಿಗೆ ಈಜು ಯಾರು ಹೇಳಿಕೊಡಬೇಕು?

ನಿಯಮ ಗೊತ್ತು. ಗೀಚಿದ ಪುಸ್ತಕಕ್ಕೆ ಹನ್ನೆರಡು ಡಾಲರ್,
ಇಲ್ಲವೇ ರಬ್ಬರ್.
ರಬ್ಬರ್ ಹಿಡಿದು ಕೂತೆ.
ನಗುತ್ತ ಉಜ್ಜಿದೆ; ಒಂದೊಂದೇ ಬಾತುಕೋಳಿ
ಮತ್ತೆ ನಾಯಿಯಾಗುತ್ತ ಬಂತು,
ಮಡಿಲ ತುಂಬ ಬೂದು ಪುಡಿ.

ನೂರಾ ನಲವತ್ತೊಂದನೆಯ ಪುಟದಲ್ಲಿ ಕೈ ನಿಂತಿತು.
ಉಜ್ಜಲು ಏನೂ ಇಲ್ಲ.
ಅಲ್ಲಿ ಬಂದೂಕು ಹಾರುತ್ತದೆ.
ಹುಡುಗಿಯ ಮುಂದೆ ಅದು ಜಿಗಿಯುತ್ತದೆ,
ಅವಳ ತೊಡೆಯ ಮೇಲೆ ಉಸಿರು ಬಿಡುತ್ತದೆ.
ಆ ಎರಡೂವರೆ ಪುಟ ಅವನು ಮುಟ್ಟಿಲ್ಲ.
ಸಾಯುವುದಕ್ಕೆ
ನಾಯಿಯನ್ನು ನಾಯಿಯಾಗಿಯೇ ಬಿಟ್ಟಿದ್ದಾನೆ.
ಮಣ್ಣು ಮಾಡಿದ ಮೇಲಿನ ಖಾಲಿ ಜಾಗದಲ್ಲಿ
ಸೊಟ್ಟಗೆ ಮೇಲೇರುವ ಒಂದು ಸಾಲು, ಅವನದೇ:
"ಬಾತುಕೋಳಿ ಆ ದಿನ ಮನೆಯಲ್ಲಿತ್ತು."
ಪುಟದ ಸಂದಿಯಲ್ಲಿ, ನಾಯಿಯ ಪಕ್ಕ,
ಒಂದು ಬಿಳಿ ಗರಿ.

ಹೊರಗೆ ಲಾರಿಗಳು ಅಡಿಲೇಡಿನ ಕಡೆ ಹೋಗುತ್ತಲೇ ಇದ್ದವು.
ಚೀಲದಲ್ಲಿ ತಡಕಿದೆ, ಪೆನ್ಸಿಲ್ ಸಿಕ್ಕಿತು, ಮೊಂಡು.
ಮೊದಲ ಪುಟಕ್ಕೆ ಮರಳಿದೆ.
ಡ ಉಳಿಸಿ, ಮಿಕ್ಕದ್ದು ಹೊಡೆದು,
ಆದಷ್ಟೂ ಅವನ ಕೈಬರಹದಲ್ಲೇ.
ಬೆಳಕು ಹರಿಯುವಾಗ ಅರವತ್ತೆರಡನೆಯ ಪುಟ.
ಕಳ್ಳ ಇನ್ನೂ ಗೋಡೆಯ ಮೇಲೆ.
ಕ್ವಾಕ್, ಅಂತ ಬರೆದೆ.